ಮೂವತ್ತಮೂರು ಅಡಿಯ ಗುರಿ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಮನೆಯ ಮಾತು ಬಂದರೆ ಸೈಟಿನ ಅಳತೆಯೂ ಜೊತೆಗೆ ಬರುತ್ತದೆ: ಇಪ್ಪತ್ತು–ಮೂವತ್ತು, ಮೂವತ್ತು–ನಲವತ್ತು. ಮನೆಯಲ್ಲೇ ಗುರಿ ಅಭ್ಯಾಸ ಮಾಡಲು ಏರ್ ಪಿಸ್ತೂಲ್ ಕೊಳ್ಳಬೇಕೆಂದಿರುವವರು ಅಂಗಡಿಗೆ ಹೋಗುವ ಮೊದಲು ಅಳತೆ ಟೇಪು ಹಿಡಿಯುವುದು ಒಳ್ಳೆಯದು. ಒಲಿಂಪಿಕ್ಸ್‌ನ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಶೂಟರ್ ಮತ್ತು ಗುರಿಯ ನಡುವಿನ ಅಂತರ 10 ಮೀಟರ್, ಹೆಚ್ಚುಕಡಿಮೆ 33 ಅಡಿ. ಮೂವತ್ತು–ನಲವತ್ತರ ಸೈಟಿನಲ್ಲೂ ಸುತ್ತ ಬಿಟ್ಟ ಜಾಗ, ಗೋಡೆ, ಮೆಟ್ಟಿಲು ಕಳೆದರೆ ಮನೆಯೊಳಗೆ ಅಷ್ಟು ನೇರ ಉದ್ದ ಸಿಗುವುದು ಕಷ್ಟ. ಇಪ್ಪತ್ತು–ಮೂವತ್ತರಲ್ಲಿ ಆಗದ ಮಾತು.

ಹಾಗೆಂದು ಆಸೆ ಬಿಡಬೇಕಿಲ್ಲ. ಹಾಲ್‌ನಿಂದ ಕೋಣೆಯವರೆಗೆ 5 ಮೀಟರ್ ಸಿಕ್ಕರೆ, ಗುರಿಯ ಕಾಗದವನ್ನು ಅರ್ಧ ಅಳತೆಗೆ ಮುದ್ರಿಸಿಕೊಂಡರಾಯಿತು. ಸ್ಪರ್ಧೆಯ ಕಾಗದದಲ್ಲಿ ನಡುವಿನ ಕಪ್ಪು ವೃತ್ತದ ಅಡ್ಡಳತೆ 59.5 ಮಿ.ಮೀ., ಹತ್ತು ಅಂಕದ ವೃತ್ತ ಬರೀ 11.5 ಮಿ.ಮೀ. ಅರ್ಧ ದೂರದಿಂದ ಅರ್ಧ ಅಳತೆಯ ಕಾಗದವನ್ನು ನೋಡಿದರೆ ಕಣ್ಣಿಗೆ ಎಲ್ಲವೂ ಅಷ್ಟೇ ಗಾತ್ರದಲ್ಲಿ ಕಾಣುತ್ತದೆ.

ಈ ಆಟದಲ್ಲಿ ಬೆಂಗಳೂರಿಗೆ ಒಳ್ಳೆಯ ಹೆಸರಿದೆ. ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಪ್ರಕಾಶ್ ನಂಜಪ್ಪ 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನಲ್ಲಿ ಸ್ಪರ್ಧೆಗೆ ಹೋದಾಗ ಅವರ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಕಣ್ಣೇ ಬಂಡವಾಳವಾದ ಆಟದಲ್ಲಿ ಅದು ಸಣ್ಣ ಹೊಡೆತವಲ್ಲ. ಆದರೂ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅವರು ಬೆಳ್ಳಿ ಗೆದ್ದರು. 2023ರಲ್ಲಿ ಬಾಕು ವಿಶ್ವಕಪ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಸರಬ್ಜೋತ್ ಸಿಂಗ್ ಜೊತೆ ಚಿನ್ನ ಗೆದ್ದ ದಿವ್ಯಾ ಟಿ.ಎಸ್. ಕೂಡ ಬೆಂಗಳೂರಿನವರೇ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಿಂದ ಅವರು ಎರಡು ಬೆಳ್ಳಿ ತಂದರು.

ಇಂಥವರು ಬಳಸುವ ಮೊರಿನಿ, ಸ್ಟೇಯರ್, ವಾಲ್ತರ್, ಪಾರ್ದಿನಿ ಪಿಸ್ತೂಲುಗಳು ವಿದೇಶದಿಂದ ಬರುತ್ತವೆ. ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಕಲಿಯುವವರಿಗೆ ಅದು ಬೇಕಿಲ್ಲ. ಆದರೆ ಅಗ್ಗದ ಪಿಸ್ತೂಲು ನೋಡುವಾಗ ಬಹಳ ಜನ ಎಡವುವುದು ಒಂದೇ ಕಡೆ: ಪೆಲೆಟ್ ಎಷ್ಟು ಜೋರಾಗಿ ಹೋಗುತ್ತದೆ ಎಂದು ಕೇಳುತ್ತಾರೆ. ಒಲಿಂಪಿಕ್ಸ್ ಪಿಸ್ತೂಲಿನ ಪೆಲೆಟ್ ಹೋಗುವುದೇ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ. ಅರ್ಧ ಗ್ರಾಂ ತೂಕದ ಪೆಲೆಟ್‌ಗೆ ಅದು ಆರು ಜೂಲ್ ಶಕ್ತಿಯೂ ಅಲ್ಲ. ಕಾಗದದಲ್ಲಿ ತೂತು ಬೀಳಲು ಅಷ್ಟು ಧಾರಾಳ ಸಾಕು. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲೂ ಪರವಾನಗಿ ಬೇಡದ ಮಿತಿ 4.5 ಮಿ.ಮೀ. ಕ್ಯಾಲಿಬರ್ ಮತ್ತು 20 ಜೂಲ್. ಆದರೂ ಕೊಳ್ಳುವಾಗ ಗುರುತಿನ ಚೀಟಿ ಕೊಟ್ಟು, ಅಧಿಕೃತ ಅಂಗಡಿಯ ಬಿಲ್ಲು ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು.

ಕೇಳಬೇಕಾದದ್ದು ಟ್ರಿಗರ್ ಹೇಗಿದೆ ಎಂದು. ಸ್ಪರ್ಧೆಯ ನಿಯಮದಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಅಗ್ಗದ ಎಷ್ಟೋ ಪಿಸ್ತೂಲುಗಳಲ್ಲಿ ಇದರ ಹಲವು ಪಟ್ಟು ಬಲ ಹಾಕಿ ಎಳೆಯಬೇಕಾಗುತ್ತದೆ. ಒಂದೇ ಕೈಯಲ್ಲಿ ಚಾಚಿ ಹಿಡಿದಿರುವಾಗ ಆ ಎಳೆತಕ್ಕೆ ನಳಿಗೆ ಪಕ್ಕಕ್ಕೆ ಜರುಗುತ್ತದೆ, ಕಣ್ಣು ಎಷ್ಟೇ ಚುರುಕಾಗಿದ್ದರೂ ಪೆಲೆಟ್ ಏಳರ ವೃತ್ತಕ್ಕೋ ಆರಕ್ಕೋ ಹೋಗಿ ಬೀಳುತ್ತದೆ. ಹಿಡಿಯೂ ಅಷ್ಟೇ ಮುಖ್ಯ. ಎಡಗೈಯವರು ಬಲಗೈಯ ಹಿಡಿ ಇರುವ ಪಿಸ್ತೂಲು ಕೊಂಡರೆ ಹಣ ದಂಡ.

ಒಳಗಿನ ಯಂತ್ರದಲ್ಲಿ ನಾಲ್ಕು ಬಗೆ. ಸ್ಪ್ರಿಂಗಿನದು ಅಗ್ಗ, ಗಟ್ಟಿಮುಟ್ಟು. ಆದರೆ ಪಿಸ್ಟನ್ ಮುನ್ನುಗ್ಗಿದಾಗ ಕೈ ಅದುರುತ್ತದೆ. ಪೆಲೆಟ್ ಇಲ್ಲದೆ ಹೊಡೆದರೆ ಕೆಡುವ ಭಯವೂ ಇದೆ. ಇಂಗಾಲದ ಡೈಆಕ್ಸೈಡ್ ತುಂಬಿದ 12 ಗ್ರಾಂ ಕ್ಯಾಪ್ಸೂಲಿನದು ಹೊಡೆಯಲು ಸುಲಭ. ಬೇಗ ಬೇಗ ಹೊಡೆದರೆ ಅನಿಲ ತಣ್ಣಗಾಗಿ ವೇಗ ಇಳಿಯುತ್ತದೆ, ಕ್ಯಾಪ್ಸೂಲಿನ ಖರ್ಚಂತೂ ನಿಲ್ಲದು. ಒಮ್ಮೆ ಸನ್ನೆ ಎಳೆದು ಗಾಳಿ ತುಂಬುವ ಪಿಸ್ತೂಲು ಮನೆಯ ಅಭ್ಯಾಸಕ್ಕೆ ಎಲ್ಲಕ್ಕಿಂತ ಹೊಂದುತ್ತದೆ: ಪ್ರತಿ ಸಲವೂ ಒಂದೇ ಒತ್ತಡ, ಅದುರುವಿಕೆ ಇಲ್ಲ, ಬೇರೆ ಸಾಮಾನು ಬೇಡ. ಗಾಳಿ ಸಿಲಿಂಡರಿನ ಪಿಸ್ತೂಲು ಇದಕ್ಕಿಂತ ಸೊಗಸಾದರೂ ಸಿಲಿಂಡರ್ ತುಂಬಿಸಲು ಸುಮಾರು 200 ಬಾರ್ ಒತ್ತಡದ ಪಂಪು ಬೇಕು. ಹಳೆಯ ಸ್ಪರ್ಧಾ ಪಿಸ್ತೂಲು ಕಡಿಮೆ ಬೆಲೆಗೆ ಸಿಕ್ಕರೆ ಸಿಲಿಂಡರಿನ ಮೇಲಿನ ತಾರೀಖು ಓದದೆ ಹಣ ಕೊಡಬಾರದು. ಸಾಮಾನ್ಯವಾಗಿ ಅದರ ಆಯಸ್ಸು ಹತ್ತು ವರ್ಷ.

ಪೊಲೀಸ್ ಪಿಸ್ತೂಲಿನಂತೆಯೇ ಕಾಣುವ, ಉಕ್ಕಿನ ಗುಂಡು ಹಾರಿಸುವ ಮಾದರಿಗಳು ಮಾತ್ರ ಬೇಡವೇ ಬೇಡ. ಉಕ್ಕಿನ ಗುಂಡು ಗಟ್ಟಿ ಮೇಲ್ಮೈಗೆ ತಾಗಿ ಹೊಡೆದವರ ಕಡೆಗೇ ಹಾರಿ ಬರುತ್ತದೆ. ಅಕ್ಕಪಕ್ಕದ ಮನೆಯವರು ನಿಜವಾದ ಪಿಸ್ತೂಲೆಂದು ಗಾಬರಿಯಾಗುವುದು ಬೇರೆ.

ಪಿಸ್ತೂಲಿಗೆಂದು ಇಟ್ಟ ಹಣದಲ್ಲಿ ಒಂದು ಪಾಲು ಗುರಿಯ ಹಿಂದಿನ ತಡೆಗೆ ಹೋಗಲೇಬೇಕು. ದಪ್ಪ ಉಕ್ಕಿನ ಹಾಳೆಯನ್ನು ಹಿಂಬದಿಗೆ ಕೊಟ್ಟು, ಹಳೆಯ ಬಟ್ಟೆಯನ್ನು ಒತ್ತಾಗಿ ತುಂಬಿದ ಪೆಟ್ಟಿಗೆ ಚಪ್ಪಟೆ ಮೂತಿಯ ಸೀಸದ ಪೆಲೆಟ್‌ಗಳನ್ನು ನುಂಗಿಕೊಳ್ಳುತ್ತದೆ. ಅದನ್ನು ಬಾಗಿಲಿಲ್ಲದ ಗೋಡೆಗೆ ಒರಗಿಸಿ, ಕೋಣೆಗೆ ಬರುವ ಉಳಿದ ದಾರಿಗಳಿಗೆ ಚಿಲಕ ಹಾಕಬೇಕು. ಹೊಡೆಯುವವರೂ ನೋಡುವವರೂ ಕಣ್ಣಿಗೆ ಕನ್ನಡಕ ಹಾಕಬೇಕು. ಸೀಸ ವಿಷವಾದ್ದರಿಂದ ಅಭ್ಯಾಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಏನನ್ನೂ ಬಾಯಿಗಿಡಬಾರದು. ಮನೆಗೆ ಮನೆ ಅಂಟಿಕೊಂಡಿರುವ ಈ ಬಡಾವಣೆಗಳಲ್ಲಿ ತೆರೆದ ತಾರಸಿ ಇದಕ್ಕೆ ತಕ್ಕ ಜಾಗವಲ್ಲ. ತಪ್ಪಿದ ಪೆಲೆಟ್ ಪಕ್ಕದ ಮನೆಯ ಕಿಟಕಿಗೆ, ಇಲ್ಲವೇ ಬಟ್ಟೆ ಒಣಹಾಕುತ್ತಿರುವವರ ಕಣ್ಣಿಗೆ ಬೀಳಬಹುದು. ತಾರಸಿಗೆ ಬರುವ ಗಿಳಿಗಳಿಗೆ ಗುರಿಯಿಟ್ಟರಂತೂ ಅದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ.

ಕೊಳ್ಳುವ ಮೊದಲು ನಗರದ ಯಾವುದಾದರೂ ಶೂಟಿಂಗ್ ರೇಂಜಿನಲ್ಲಿ ತರಬೇತುದಾರರ ಎದುರು ಅಲ್ಲಿನ ಪಿಸ್ತೂಲು ಹಿಡಿದು ನೋಡಿದರೆ, ಯಾವ ಹಿಡಿ, ಎಷ್ಟು ತೂಕ ತನಗೆ ಒಗ್ಗುತ್ತದೆ ಎಂದು ತಿಳಿಯುತ್ತದೆ. ಸ್ಪರ್ಧೆಯಲ್ಲಿ 75 ನಿಮಿಷಗಳಲ್ಲಿ 60 ಸಲ ತೋಳು ಚಾಚಬೇಕು. ಹೊಸಬರ ಭುಜ ಹತ್ತಿಪ್ಪತ್ತಕ್ಕೇ ಸೋಲುತ್ತದೆ. ಆ ಬಲ ಬರುವುದು ಪೆಲೆಟ್ ಹಾಕದೆ, ಖಾಲಿ ಬಿಳಿ ಗೋಡೆಗೆ ಪಿಸ್ತೂಲು ಚಾಚಿ, ನಳಿಗೆಯ ತುದಿಯ ಮುಂಗುರಿಯ ಮೇಲೆ ಕಣ್ಣು ನೆಟ್ಟು ನಿಲ್ಲುವ ಅಭ್ಯಾಸದಿಂದ. ಅದಕ್ಕೆ ಇಪ್ಪತ್ತು–ಮೂವತ್ತರ ಮನೆಯ ಯಾವ ಕೋಣೆಯೂ ಸಾಕು.