ತುಕ್ಕಿಗೆ ಸಿಕ್ಕ ಚಕ್ರನಾಭಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳೆಯ ಮನೆಗಳ ಜಗಲಿಯಲ್ಲೋ ಹೊಗೆಸೊಪ್ಪಿನ ಬ್ಯಾರನ್ನಿನ ಮಗ್ಗುಲಲ್ಲೋ ಗೋಣಿತಾಟು ಹೊದ್ದು ನಿಂತಿರುವ ಜಾವಾ ಅಥವಾ ಯೆಜ್ದಿ ಮೋಟಾರು ಸೈಕಲ್ಲು ಇಂದಿಗೂ ಅಪರೂಪದ ನೋಟವಲ್ಲ. ತಂದೆಯವರು ಏರಿ ಓಡಾಡಿದ ವಾಹನವನ್ನು ಮತ್ತೆ ರಸ್ತೆಗೆ ತರಬೇಕೆಂಬ ಆಸೆ ಮಕ್ಕಳಲ್ಲಿ ಮೂಡುವುದು ಸಹಜ. ಆದರೆ ಮೊದಲ ದಿನವೇ ಎದುರಾಗುವ ವಿಘ್ನವೆಂದರೆ ಅಲುಗಾಡದ ಚಕ್ರ. ಎಂಜಿನ್ನಿನ ದೋಷಕ್ಕೆ ಹತ್ತಾರು ಮಂದಿ ಮದ್ದು ಹೇಳುತ್ತಾರೆ. ಕಚ್ಚಿಕೊಂಡ ಹಬ್ಬಿಗೆ ಮಾತ್ರ ಎಲ್ಲರೂ ಹೇಳುವ ಮದ್ದು ದೊಡ್ಡ ಸುತ್ತಿಗೆ. ಅದು ಸಲ್ಲದೆಂಬುದನ್ನೂ, ಸಲ್ಲುವುದು ಯಾವುದೆಂಬುದನ್ನೂ ಇಲ್ಲಿ ವಿವರಿಸಲು ಯತ್ನಿಸಲಾಗಿದೆ.

ಈ ವಾಹನಗಳು ನಮ್ಮ ಜಿಲ್ಲೆಯವೇ ಆದವು. 1929ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಜಾವಾ ಹೆಸರು, ಐಡಿಯಲ್ ಜಾವಾ ಸಂಸ್ಥೆಯ ಮೂಲಕ ಮೈಸೂರಿಗೆ ಬಂದಿತು. ಯಾದವಗಿರಿಯ ಕಾರ್ಖಾನೆ 1961ರಲ್ಲಿ ಆರಂಭವಾಯಿತು. 1970ರ ದಶಕದಲ್ಲಿ ಜಾವಾ ಹೋಗಿ ಯೆಜ್ದಿ ಎಂಬ ಹೆಸರು ಬಂದಿತು. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ದಿ ಹೆಸರುಗಳು ಬೇರೊಂದು ಸಂಸ್ಥೆಯಿಂದ ಮರಳಿ ಬಂದಿವೆಯಾದರೂ ಆ ಹೊಸ ವಾಹನಗಳ ಯಂತ್ರರಚನೆ ಬೇರೆ. ಅವುಗಳ ಹಬ್ಬು ಹಳೆಯದಕ್ಕೆ ಕೂಡದು. ಆದ್ದರಿಂದ ಹಳೆಯ ಹಬ್ಬೊಂದು ಒಡೆದರೆ ಅಂಗಡಿಗೆ ಹೋಗಿ ಹೊಸದನ್ನು ತರುವ ಮಾರ್ಗವಿಲ್ಲ. ಗುಜರಿಯಲ್ಲಿ ಸಿಕ್ಕಿದ್ದೇ ಭಾಗ್ಯ.

ಮೈಸೂರಿನ ಈ ವಾಹನಗಳ ಹಿಂಚಕ್ರದ ರಚನೆಯಲ್ಲಿ ಒಂದು ಜಾಣ್ಮೆಯುಂಟು. ಸರಪಳಿಯ ಹಲ್ಲುಚಕ್ರ ಬೇರೆ, ಗಾಲಿ ಬೇರೆ. ಉದ್ದನೆಯ ಆಕ್ಸಲ್ಲನ್ನು ಎಳೆದರೆ ಸರಪಳಿಯೂ ಅದರ ಮುಚ್ಚಿಗೆಯೂ ಇದ್ದಲ್ಲಿಯೇ ಉಳಿದು ಗಾಲಿಯಷ್ಟೇ ಕೆಳಗಿಳಿಯುತ್ತದೆ. ಕಾಡಂಚಿನ ಕೋಟೆಯ ಹಾದಿಯಲ್ಲಿ ಟೈರು ತೂತಾದಾಗ ಕೈಗೆ ಮಸಿ ಹತ್ತದಂತೆ ಗಾಲಿ ಬಿಚ್ಚಿದವರಿಗೆ ಇದರ ಬೆಲೆ ಗೊತ್ತು. ಆದರೆ ಅದೇ ಆಕ್ಸಲ್ಲು ವರ್ಷಾನುಗಟ್ಟಲೆ ಹೊರಬರದಿದ್ದರೆ ಬೇರಿಂಗುಗಳ ಒಳಬಳೆಗೂ ನಡುವಣ ಕೊಳವೆಗೂ ಬೆಸೆದುಕೊಂಡುಬಿಡುತ್ತದೆ. ಕಬ್ಬಿಣ ತುಕ್ಕಾಗುವಾಗ ಅದರ ಗಾತ್ರ ಎರಡು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಕೂದಲೆಳೆಯಷ್ಟು ಸಂದಿಯಲ್ಲಿ ಹಿಗ್ಗಲು ಜಾಗವೆಲ್ಲಿ? ಬೆಣೆ ಬಡಿದಂತೆ ಬಿಗಿಯುತ್ತದೆ. ಇದರ ಮೇಲೆ ಹಬ್ಬು ಅಲ್ಯೂಮಿನಿಯಂ ಮಿಶ್ರಲೋಹದ್ದು, ಬೇರಿಂಗು ಉಕ್ಕಿನದು. ಎರಡು ಬೇರೆ ಲೋಹಗಳ ನಡುವೆ ಉಪ್ಪು ಬೆರೆತ ತೇವ ನಿಂತರೆ ವಿದ್ಯುತ್ ಕೋಶದಲ್ಲಿ ನಡೆಯುವ ಕ್ರಿಯೆಯೇ ನಡೆದು ಅಲ್ಯೂಮಿನಿಯಂ ಬಿಳಿಯ ಹಿಟ್ಟಾಗುತ್ತದೆ.

ಆ ಉಪ್ಪು ಎಲ್ಲಿಂದ ಬರುತ್ತದೆಂದು ಕೇಳಬಹುದು. ಸಮುದ್ರ ಇಲ್ಲಿಂದ ದೂರ. ಆದರೆ ಗೊಬ್ಬರದ ಮೂಟೆಯನ್ನು ಹಿಂದಿನ ಸೀಟಿನ ಮೇಲೆ ಹೇರಿ ತರದ ರೈತರು ಎಷ್ಟು ಮಂದಿ? ಭತ್ತಕ್ಕೆ ಹಾಕುವ ಮ್ಯುರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪೊಟ್ಯಾಸಿಯಂ ಕ್ಲೋರೈಡು, ಅಡಿಗೆ ಉಪ್ಪಿನ ಸೋದರ. ಮೂಟೆಯ ಹೊಲಿಗೆಯಿಂದ ಉದುರಿದ ಹರಳುಗಳು ಹಬ್ಬಿನ ಮೇಲೆ ಕೂತು ಮೊದಲ ಮಳೆಗೆ ಕರಗಿ ಒಳಗಿಳಿಯುತ್ತವೆ. (ಹೊಗೆಸೊಪ್ಪಿಗೆ ಕ್ಲೋರೈಡು ಆಗದೆಂದು ಸಲ್ಫೇಟ್ ರೂಪದ ಪೊಟ್ಯಾಷ್ ಬಳಸುತ್ತಾರೆ, ಎಲೆಗೆ ತೋರುವ ಈ ಎಚ್ಚರವನ್ನು ಗಾಲಿಗೂ ತೋರಬಾರದೇಕೆ?)

ಕೆಲಸಕ್ಕೆ ಕೈಹಾಕುವ ಮುನ್ನ ಕಚ್ಚಿರುವುದು ಯಾವುದೆಂದು ಅರಿಯಬೇಕು. ಗಾಲಿ ತಿರುಗದಿದ್ದರೆ ಬ್ರೇಕಿನ ಕಡ್ಡಿಯನ್ನು ಸಡಿಲಿಸಿ, ಡ್ರಮ್ಮಿನ ಹೊರಗಿನ ಸನ್ನೆಯನ್ನು ಹಿಂದಕ್ಕೆ ಮೆಲ್ಲಗೆ ತಟ್ಟಬೇಕು. ಮಳೆಗಾಲ ಪೂರ್ತಿ ನಿಂತ ವಾಹನದಲ್ಲಿ ಬ್ರೇಕ್ ಶೂಗಳೇ ಡ್ರಮ್ಮಿಗೆ ಅಂಟಿರುವ ಸಂಭವ ಹೆಚ್ಚು. ಗಾಲಿ ತಿರುಗಿದರೆ ಅರ್ಧ ಚಿಂತೆ ಕಳೆಯಿತು. ತಿರುಗಿದರೂ ಗರಗರ ಸದ್ದು ಬಂದರೆ ಬೇರಿಂಗು ಹಾಳಾಗಿದೆ. ನಟ್ಟು ಬಿಚ್ಚಿದರೂ ಆಕ್ಸಲ್ಲು ಕೂದಲೆಳೆಯಷ್ಟೂ ಸರಿಯದಿದ್ದರೆ, ಅದೇ ನಿಜವಾದ ಬೇನೆ.

ಇದಕ್ಕೆ ಮೊದಲ ಮದ್ದು ಕಾಲ. ವಾಹನವನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಎರಡೂ ತುದಿಗಳ ತುಕ್ಕನ್ನು ತಂತಿಯ ಬ್ರಶ್ಶಿನಿಂದ ಉಜ್ಜಿ, ತುಕ್ಕು ಬಿಡಿಸುವ ತೆಳುವಾದ ಎಣ್ಣೆಯನ್ನು ಹನಿಹನಿಯಾಗಿ ಬಿಡಬೇಕು. ದೊರೆಯದಿದ್ದರೆ ಡೀಸೆಲ್ಲಿಗೆ ತುಸು ಎಂಜಿನ್ ಆಯಿಲ್ ಬೆರೆಸಿದರೂ ಸಾಗುತ್ತದೆ. ಬತ್ತಿಯಲ್ಲಿ ಎಣ್ಣೆ ಏರುವ ನಿಯಮದಿಂದಲೇ ಅದು ಸಂದಿಗಿಳಿಯುತ್ತದೆ, ಆದರೆ ನಿಧಾನ. ಬೆಳಿಗ್ಗೆ ಸಂಜೆ ಎರಡೆರಡು ಹನಿಯಂತೆ ಮೂರು ನಾಲ್ಕು ದಿನವಾದರೂ ಬೇಕು. ಎಣ್ಣೆ ಡ್ರಮ್ಮಿನೊಳಕ್ಕೆ ಹರಿದರೆ ಬ್ರೇಕ್ ಶೂ ಕೆಟ್ಟಿತೆಂದೇ ತಿಳಿದು ಹೊಸದನ್ನು ಹಾಕಬೇಕು.

ಬಳಿಕ ಆಕ್ಸಲ್ಲನ್ನು ಹೊಡೆಯುವ ಬದಲು ತಿರುಗಿಸಲು ಯತ್ನಿಸಬೇಕು. ತಲೆಗೆ ಸ್ಪ್ಯಾನರ್ ಹಾಕಿ ಅತ್ತ ಇತ್ತ ಅಲುಗಿಸಿದಾಗ ತುಕ್ಕು ಪುಡಿಯಾಗಿ ಎಣ್ಣೆಗೆ ದಾರಿ ಬಿಡುತ್ತದೆ. ಒಮ್ಮೆ ತಿರುಗಿದ ಆಕ್ಸಲ್ಲು ಹೊರಬರದೆ ಇರುವುದು ವಿರಳ. ತಟ್ಟಲೇಬೇಕಾದರೆ ನಟ್ಟನ್ನು ಆಕ್ಸಲ್ಲಿನ ತುದಿಯ ಮಟ್ಟಕ್ಕೆ ಮರಳಿ ತಿರುಗಿಸಿ, ಹಿತ್ತಾಳೆಯ ತುಂಡನ್ನು ನಡುವೆ ಹಿಡಿದು ತಟ್ಟಬೇಕು. ಬರಿಯ ಸುತ್ತಿಗೆಯ ಏಟಿಗೆ ಆಕ್ಸಲ್ಲಿನ ತುದಿ ಅಣಬೆಯಂತೆ ಅರಳಿ, ಸಾಗಬೇಕಾದ ದಾರಿಯನ್ನೇ ಮುಚ್ಚಿಕೊಳ್ಳುತ್ತದೆ.

ಕಾವು ಕೊಡುವುದು ಬೇರಿಂಗನ್ನು ಹೊರತೆಗೆಯುವಾಗ ಬಹು ಉಪಯುಕ್ತ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 42 ಮಿಲಿಮೀಟರ್ ವ್ಯಾಸದ ಕುಳಿಯ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್ ಏರಿದರೆ ಸುಮಾರು 0.07 ಮಿಲಿಮೀಟರ್ ಅಗಲವಾಗುತ್ತದೆ; ಒಳಗಿರುವ ಉಕ್ಕಿನ ಬಳೆ ಅದರ ಅರ್ಧದಷ್ಟು ಮಾತ್ರ. ಆ ಅಂತರವೇ ಬಿಡುಗಡೆಯ ದಾರಿ. ಇದಕ್ಕೆ ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹಬ್ಬಿಗೆ ಸುತ್ತಿ, ಮೇಲೆ ಮತ್ತೆ ಮತ್ತೆ ಬಿಸಿನೀರು ಹೊಯ್ದರೆ ಸಾಕು. ವೆಲ್ಡಿಂಗ್ ಅಂಗಡಿಯ ಜ್ವಾಲೆ ತರುವವರಿದ್ದಾರೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಿ, ಕರಗುವ ಮುನ್ನ ಕೆಂಪಾಗಿ ಎಚ್ಚರಿಸುವ ಗುಣವೂ ಅದಕ್ಕಿಲ್ಲ. ಪೆಟ್ರೋಲ್ ಟ್ಯಾಂಕು, ಗಾಳಿ ತುಂಬಿದ ಟೈರು ಅಲ್ಲಿಯೇ ಇರುತ್ತವೆಂಬುದನ್ನೂ ಮರೆಯಬಾರದು. ತಟ್ಟುವಾಗ ಹಬ್ಬಿನ ಕೆಳಗೆ, ಬೇರಿಂಗಿನ ಸುತ್ತಲೇ ಮರದ ಆಸರೆ ಕೊಡಬೇಕು. ಕಡ್ಡಿಗಳ ಮೇಲೆ ಭಾರ ಬಿದ್ದರೆ ಗಾಲಿ ಸೊಟ್ಟಗಾಗುತ್ತದೆ.

ಇಷ್ಟಾದರೂ ಆಕ್ಸಲ್ಲು ಜಗ್ಗದಿದ್ದರೆ ಹಠ ಸಲ್ಲದು. ಹಬ್ಬಿಗೂ ಚೌಕಟ್ಟಿಗೂ ನಡುವಣ ಸಂದಿಯಲ್ಲಿ ಗರಗಸವಿಟ್ಟು ಆಕ್ಸಲ್ಲನ್ನೇ ಕತ್ತರಿಸಿ, ಉಳಿದ ತುಂಡನ್ನು ಪ್ರೆಸ್ಸಿನಲ್ಲಿ ತಳ್ಳಿಸುವುದು ವಿವೇಕ. ಲೇತ್ ಇರುವಲ್ಲಿ ಹೊಸ ಆಕ್ಸಲ್ಲು ಮಾಡಿಸಬಹುದು, ಹಬ್ಬನ್ನು ಮಾಡಿಸಲಾಗದು. ಆದರೆ ಮೆದು ಕಬ್ಬಿಣದ ಸರಳನ್ನು ಕಡೆಸಿ ಹಾಕಿಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿ ಹೊರಡುವುದು ಅಪಾಯ. ಆಕ್ಸಲ್ಲಿಗೆ ತಕ್ಕ ಗಟ್ಟಿ ಉಕ್ಕನ್ನೇ ಕೇಳಿ ಪಡೆಯಬೇಕು.

ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದುವ ರೂಢಿಯನ್ನು ಬಿಡಬೇಕು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು.

ಮರಳಿ ಜೋಡಿಸುವಾಗ ಹೊಸ ಬೇರಿಂಗಿನ ಹೊರಬಳೆಯನ್ನು ಮಾತ್ರ ಒತ್ತಿ ಕೂರಿಸಬೇಕು. ಎರಡು ಬೇರಿಂಗುಗಳ ನಡುವಣ ಕೊಳವೆಯನ್ನು ಬಿಟ್ಟು ಜೋಡಿಸಿದರೆ, ನಟ್ಟು ಬಿಗಿದಂತೆಲ್ಲ ಒಳಬಳೆಗಳು ಒಂದರತ್ತ ಒಂದು ಸರಿದು ಗಾಲಿ ಮತ್ತೆ ಕಚ್ಚುತ್ತದೆ. ಹಿಂದೆ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿದ ಕೀಲೆಣ್ಣೆಯನ್ನು ಹಚ್ಚುತ್ತಿದ್ದರು. ಇಲ್ಲಿ ಗ್ರೀಸು, ಆಕ್ಸಲ್ಲಿನ ಮೈಗೆಲ್ಲ ತೆಳುವಾಗಿ. ಅದು ಡ್ರಮ್ಮಿಗೆ ತಾಗದಿರಲಿ. ಐವತ್ತು ಕಿಲೋಮೀಟರು ಓಡಿದ ಮೇಲೆ ನಟ್ಟಿನ ಬಿಗಿಯನ್ನು ಇನ್ನೊಮ್ಮೆ ನೋಡಬೇಕು. ಅನಂತರ ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಆಕ್ಸಲ್ಲನ್ನು ಎಳೆದು ಒರೆಸಿ ಗ್ರೀಸು ಹಚ್ಚಿ ಹಾಕಲು ಅರ್ಧ ಗಂಟೆ ಸಾಕು.