ಹುಚ್ಚೆದ್ದ ಮೋಟಾರಿಗೆ ಕಡಿವಾಣ

೨೦೦೯ರ ಆಗಸ್ಟ್ ೨೮. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಸ್ಯಾನ್ ಡಿಯಾಗೊ ನಗರದ ಬಳಿಯ ಹೆದ್ದಾರಿಯಲ್ಲಿ ಲೆಕ್ಸಸ್ ಕಾರೊಂದು ಚಾಲಕನ ಹಿಡಿತಕ್ಕೆ ಸಿಕ್ಕದೆ ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಧಾವಿಸಿತು. ಒಳಗಿದ್ದವರು ದೂರವಾಣಿಯಲ್ಲಿ ನೆರವಿಗಾಗಿ ಮೊರೆಯಿಟ್ಟರು. ನೆರವು ತಲಪುವ ಮೊದಲೇ ನಾಲ್ವರೂ ಮಡಿದರು. ಕಾರನ್ನು ನಡೆಸುತ್ತಿದ್ದವನು ಹೆದ್ದಾರಿ ಪೋಲೀಸಿನ ಅಧಿಕಾರಿ, ಚಾಲನೆಯಲ್ಲಿ ನುರಿತವನು.

ಕಾರಣ ಅತ್ಯಲ್ಪ. ಬೇರೊಂದು ಮಾದರಿಯ ಕಾರಿಗೆಂದು ಮಾಡಿದ ರಬ್ಬರು ಹಾಸನ್ನು ಇದರಲ್ಲಿ ಹಾಸಲಾಗಿತ್ತು. ಆಕ್ಸಿಲರೇಟರಿನ ಪೆಡಲು ಅದರಲ್ಲಿ ಸಿಕ್ಕಿಕೊಂಡಿತ್ತು. ಎಂಜಿನ್ನನ್ನು ಆರಿಸೋಣವೆಂದರೆ ಅಲ್ಲಿದ್ದುದು ಕೀಲಿಯಲ್ಲ, ಗುಂಡಿ. ಓಡುವಾಗ ಅದನ್ನು ಮೂರು ಸೆಕೆಂಡು ಒತ್ತಿ ಹಿಡಿಯಬೇಕಾಗಿತ್ತು. ಮರಣಭಯದಲ್ಲಿ ಇಂಥ ನಿಯಮ ಯಾರಿಗೆ ಹೊಳೆದೀತು?

ಇಂಥ ಗಳಿಗೆಯಲ್ಲಿ ಆಪದ್ಬಂಧುವಾಗಬಲ್ಲುದು ನ್ಯೂಟ್ರಲ್. ಗಿಯರಿನ ಸನ್ನೆಯನ್ನು ಈ ಸ್ಥಾನಕ್ಕೆ ತಂದೊಡನೆ ಎಂಜಿನ್ನಿಗೂ ಗಾಲಿಗಳಿಗೂ ಇರುವ ನಂಟು ಕಡಿಯುತ್ತದೆ. ನೊಗ ಕಳಚಿಕೊಂಡ ಎತ್ತು ಎಷ್ಟು ಬೆದರಿ ಓಡಿದರೂ ಬಂಡಿ ಅದರ ಹಿಂದೆ ಹೋಗದು. ಎಂಜಿನ್ ಅಬ್ಬರಿಸಬಹುದು; ಅದಕ್ಕೆ ಹೆದರಬೇಕಿಲ್ಲ. ಈಗಿನ ಕಾರುಗಳಲ್ಲಿ ಅದರ ವೇಗಕ್ಕೆ ಮಿತಿಯನ್ನು ಕಟ್ಟಿರುತ್ತಾರೆ. ಕ್ಲಚ್ಚುಳ್ಳ ಗಾಡಿಯಲ್ಲಿ ಮೊದಲು ಕ್ಲಚ್ಚನ್ನು ತುಳಿದರೆ ಸಾಕು, ನಂಟು ತಪ್ಪುತ್ತದೆ.

ಬ್ರೇಕನ್ನು ಮತ್ತೆ ಮತ್ತೆ ತುಳಿದು ಬಿಡುವುದು ತಪ್ಪು. ಅನೇಕ ಪೆಟ್ರೋಲ್ ಕಾರುಗಳಲ್ಲಿ ಬ್ರೇಕಿಗೆ ಬಲಕೊಡುವುದು ಎಂಜಿನ್ನಿನಲ್ಲಿ ಉಂಟಾಗುವ ನಿರ್ವಾತ. ಆಕ್ಸಿಲರೇಟರು ಪೂರ್ತಿ ತೆರೆದಿರುವಾಗ ನಿರ್ವಾತ ಹೊಸದಾಗಿ ಹುಟ್ಟದು. ಉಳಿದಷ್ಟೂ ಎರಡು ಮೂರು ತುಳಿತಗಳಲ್ಲಿ ಮುಗಿದುಹೋಗುತ್ತದೆ. ಆದುದರಿಂದ ಒಂದೇ ಸಲ ಬಲವಾಗಿ ತುಳಿದು, ಬಿಡದೆ, ರಸ್ತೆಯ ಅಂಚಿಗೆ ಸರಿದು ನಿಲ್ಲಿಸಬೇಕು. ಎಂಜಿನ್ನನ್ನು ಆರಿಸುವುದು ಆ ಬಳಿಕ. ಓಡುವಾಗ ಕೀಲಿಯನ್ನು ಹೊರಕ್ಕೆಳೆದರೆ ಸ್ಟೀರಿಂಗ್ ಬಿಗಿದುಕೊಳ್ಳುವ ಅಪಾಯವುಂಟು.

ಇನ್ನೊಂದು ಸಂಕಟ ಇದಕ್ಕೆ ತೀರ ವಿರುದ್ಧವಾದುದು. ಬ್ಯಾಟರಿ ಸತ್ತು ಆಟೊಮ್ಯಾಟಿಕ್ ಕಾರು ನಡುರಸ್ತೆಯಲ್ಲಿ ನಿಂತಿರುತ್ತದೆ; ಸನ್ನೆ ಪಾರ್ಕಿನಿಂದ ಕದಲದು, ತಳ್ಳಿದರೂ ಗಾಡಿ ಸರಿಯದು. ಅನೇಕ ಕಾರುಗಳಲ್ಲಿ ಸನ್ನೆಯ ಪಕ್ಕದಲ್ಲೇ ಪುಟ್ಟ ಮುಚ್ಚಳವಿರುತ್ತದೆ. ಹ್ಯಾಂಡ್ ಬ್ರೇಕ್ ಹಾಕಿ, ಕಾಲಿನ ಬ್ರೇಕನ್ನೂ ತುಳಿದು, ಮುಚ್ಚಳ ತೆಗೆದು ಒಳಗಿನ ತಡೆಯನ್ನು ಕೀಲಿಯಿಂದಲೋ ತಿರುಪುಳಿಯಿಂದಲೋ ಒತ್ತಿದರೆ ಸನ್ನೆ ನ್ಯೂಟ್ರಲಿಗೆ ಬರುತ್ತದೆ. ಬರಿಯ ಗುಂಡಿಗಳಿಂದ ಗಿಯರು ಬದಲಾಗುವ ಹೊಸ ಕಾರುಗಳಲ್ಲಿ ಕ್ರಮ ಬೇರೆ. ಅದನ್ನು ಕಾರಿನೊಡನೆ ಬಂದ ಕೈಪಿಡಿಯಲ್ಲಿ ನೋಡಬೇಕು.

ಆ ದುರಂತದ ಬಳಿಕ ತಯಾರಕರಾದ ಟೊಯೋಟಾ ಸಂಸ್ಥೆಯವರು ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿ ತಿದ್ದಿಕೊಟ್ಟರು. ಆದರೆ ಹಾಸಿನ ಮೇಲೆ ಹಾಸು ಹಾಸುವ ಅಭ್ಯಾಸವನ್ನು ತಿದ್ದಬೇಕಾದವರು ಮನೆಯವರೇ. ಕಾರು ಅಂಗಳದಲ್ಲಿ ನಿಂತಿರುವಾಗಲೇ ಮನೆಯ ಚಾಲಕರೆಲ್ಲರೂ ಕಣ್ಣುಮುಚ್ಚಿ ನ್ಯೂಟ್ರಲ್ ಹುಡುಕುವುದನ್ನು ಕಲಿತಿರಲಿ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಸಲ್ಲದು.