ಸಂಗೀತವು ಬಿಡಾರ ಹೂಡಿದ ವಾಡೆ

ಸಂಗೀತದ ಚರಿತ್ರೆಯನ್ನು ಬರೆದವರು ಹಾಡಿದವರನ್ನು ನೆನೆದಿದ್ದಾರೆ, ಕಲಿಸಿದ ಗುರುಗಳನ್ನು ನೆನೆದಿದ್ದಾರೆ, ಶಾಲು ಹೊದಿಸಿ ಬಿರುದನ್ನಿತ್ತ ದೊರೆಗಳನ್ನೂ ಯಥೋಚಿತವಾಗಿ ಸ್ಮರಿಸಿದ್ದಾರೆ. ಆದರೆ ದೂರದ ಪ್ರಯಾಣದಿಂದ ಬಳಲಿ ಬಂದ ಗಾಯಕನಿಗೆ ಕಾಲು ತೊಳೆಯಲು ನೀರು ಕೊಟ್ಟು, ಹೊತ್ತಿಗೆ ಸರಿಯಾಗಿ ಉಣಬಡಿಸಿ, ಅವನ ತಂಬೂರಿಯನ್ನು ಜೋಪಾನವಾಗಿ ಒರಗಿಸಿಡಲು ಒಂದು ಮೂಲೆಯನ್ನು ಕಲ್ಪಿಸಿ, ಅವನಾಗಿ ಹಾಡುವ ಮನಸ್ಸು ಮಾಡುವವರೆಗೆ ಅವಸರಪಡದೆ ಕಾದಿದ್ದ ಮನೆಗಳ ಚರಿತ್ರೆಯನ್ನು ಬರೆದವರು ವಿರಳ. ಅಂತಹ ಮನೆಗಳ ಪೈಕಿ ಕನ್ನಡ ನಾಡಿನ ಮಟ್ಟಿಗೆ ಅಗ್ರಗಣ್ಯವೆನ್ನಬಹುದಾದದ್ದು ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿರುವ ನಾಡಿಗೇರ ವಾಡೆ.

ದಾಬಸ್‌ಪೇಟೆಯವರಾದ ನಮಗೆ ತಂಗುವ ಎಡೆಯ ಮಹಿಮೆಯನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಕಮಿಷನರುಗಳು ಮೈಸೂರನ್ನು ಆಳುತ್ತಿದ್ದ ಕಾಲದಲ್ಲಿ ಈ ಸೀಮೆಯಲ್ಲಿ ಅಧಿಕಾರ ನಡೆಸಿದ ಡಾಬ್ಸ್ ಎಂಬ ಆಂಗ್ಲ ದೊರೆಯ ಹೆಸರನ್ನು ಹೊತ್ತಿರುವ ಈ ಪೇಟೆ, ತುಮಕೂರಿನ ಹೆದ್ದಾರಿ ಹಿಡಿದವರೂ ಶಿವಗಂಗೆಯ ಬೆಟ್ಟವನ್ನೇರಲು ಹೊರಟವರೂ ಒಂದು ಗಳಿಗೆ ನಿಂತು ದಣಿವಾರಿಸಿಕೊಳ್ಳುವ ಸ್ಥಳವಾಗಿಯೇ ಬೆಳೆದದ್ದು. ಈಗ ಕಾರ್ಖಾನೆಗಳ ಹೊಗೆಯ ನಡುವೆಯೂ ಆ ಗುಣ ಪೂರ್ತಿಯಾಗಿ ಅಳಿದಿಲ್ಲ. ನಮ್ಮ ಪಕ್ಕದ ನಿಡವಂದದ ನಿಲ್ದಾಣದ ಮುಂದೆ ಹಾಯುವ ರೈಲುಹಳಿಯನ್ನೇ ಹಿಡಿದು ಹೊರಟರೆ ತುಮಕೂರು, ಗುಬ್ಬಿ, ಅರಸೀಕೆರೆ, ಬೀರೂರು, ದಾವಣಗೆರೆ, ಹರಿಹರ, ಹಾವೇರಿಗಳನ್ನು ಕ್ರಮವಾಗಿ ದಾಟಿ, ಕೆಮ್ಮಣ್ಣು ಹಿಂದುಳಿದು ಎರೆಮಣ್ಣಿನ ಬಯಲು ಕಣ್ಣು ಹಾಯುವವರೆಗೂ ಹಾಸಿಕೊಂಡ ಮೇಲೆ, ಹುಬ್ಬಳ್ಳಿ ಇನ್ನೇನು ಬಂದೀತು ಎನ್ನುವಾಗ ಕುಂದಗೋಳ ಸಿಕ್ಕುತ್ತದೆ. ಇದೇ ಹಳಿಯ ಮೇಲಿನ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯು ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹಾಡು ಕಲಿಸಿತು. ನಮ್ಮ ನೆಲಮಂಗಲ ಸೀಮೆಯ ಚೌಡಸಂದ್ರದ ಹೊನ್ನಪ್ಪ ಭಾಗವತರು ಆ ಮಂಡಳಿಯಲ್ಲಿಯೇ ಹಾಡಿ ಹೆಸರಾದವರು. ಹೀಗೆ ಒಂದೇ ಹಳಿಯ ಎರಡು ಕೊನೆಗಳಲ್ಲಿ ಎರಡು ಬಗೆಯ ಗಾನಪರಂಪರೆಗಳು ಬೆಳೆದಿರಲು, ದಕ್ಷಿಣದ ಕೊನೆಯಲ್ಲಿರುವ ನಾವು ಉತ್ತರದ ಕೊನೆಯ ಕಡೆಗೆ ಅಷ್ಟಾಗಿ ಕಣ್ಣು ಹಾಯಿಸಿಲ್ಲವೆಂಬುದು ಖೇದದ ಸಂಗತಿಯೇ ಸರಿ.

ಸಂಗೀತವನ್ನೇ ಉಸಿರಾಗಿ ಮಾಡಿಕೊಂಡ ತಂಗುಮನೆಗಳು ಲೋಕದಲ್ಲಿ ಬೇರೆ ಇಲ್ಲವೆಂದಲ್ಲ. ಕೆರಿಬಿಯನ್ ಸಮುದ್ರದ ಹೈಟಿ ದೇಶದ ರಾಜಧಾನಿ ಪೋರ್ಟ್ ಓ ಪ್ರಿನ್ಸ್‌ನಲ್ಲಿ ಓಲಾಫ್ಸನ್ ಎಂಬ ಹೊಟೇಲೊಂದಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಅಧ್ಯಕ್ಷರ ಮನೆತನಕ್ಕಾಗಿ ಮರದ ಕುಸುರಿ ಕೆಲಸದಿಂದ ಕಟ್ಟಿದ ಆ ಮಹಲು, ಅಮೆರಿಕದ ಸೈನ್ಯ ಆ ದೇಶವನ್ನು ಆಕ್ರಮಿಸಿದ್ದ 1915ರ ತರುವಾಯದ ವರ್ಷಗಳಲ್ಲಿ ಆಸ್ಪತ್ರೆಯಾಗಿ, 1930ರ ದಶಕದ ನಡುವಿನಲ್ಲಿ ಹೊಟೇಲಾಗಿ, ಗ್ರಹಾಂ ಗ್ರೀನ್ ಎಂಬ ಇಂಗ್ಲಿಷ್ ಕಾದಂಬರಿಕಾರನ ಕಥೆಯೊಂದಕ್ಕೆ ಆಶ್ರಯವಾಗಿ, ಕಡೆಗೆ ರಿಚರ್ಡ್ ಮೋರ್ಸ್ ಎಂಬ ಸಂಗೀತಗಾರನ ವಶಕ್ಕೆ ಬಂದಿತು. 1990ರಲ್ಲಿ ಆತ ಕಟ್ಟಿದ ‘ರ್‍ಯಾಮ್’ ಎಂಬ ಮೇಳವು ಗುರುವಾರದ ರಾತ್ರಿಗಳಲ್ಲಿ ಅಲ್ಲಿಯ ಜಗಲಿಯ ಬಳಿ, ಆ ನಾಡಿನ ವೂಡೂ ಉಪಾಸಕರ ಮದ್ದಳೆಯ ಗತಿಗಳನ್ನು ಆಧುನಿಕ ವಾದ್ಯಗಳೊಡನೆ ಬೆರಸಿ ನುಡಿಸುತ್ತಿದ್ದಾಗ, ತಂಗಿದವನು ಕೇಳುಗನೂ ಕೇಳುಗನು ಕುಣಿಯುವವನೂ ಆಗಿಬಿಡುತ್ತಿದ್ದನಂತೆ. 2025ರ ಜುಲೈ ತಿಂಗಳಲ್ಲಿ, ಆ ನಗರವನ್ನು ಆವರಿಸಿದ ಸಶಸ್ತ್ರ ಗುಂಪುಗಳ ಹಾವಳಿಯ ನಡುವೆ, ಆ ಮರದ ಮಹಲು ಸುಟ್ಟು ಬೂದಿಯಾಯಿತು. ಓಲಾಫ್ಸನ್ನಿನಲ್ಲಿ ತಂಗಲು ಹಣ ತೆರಬೇಕಾಗಿತ್ತು. ಕುಂದಗೋಳದ ವಾಡೆಯಲ್ಲಿ ಅತಿಥಿಯು ತೆರಬೇಕಾದದ್ದು ಹಾಡನ್ನು ಮಾತ್ರ, ಅದೂ ಅವನಿಗೆ ಇಷ್ಟವಾದಾಗ.

ವಾಡೆಯೆಂದರೆ ಮೈಸೂರು ಸೀಮೆಯ ನಮ್ಮ ತೊಟ್ಟಿಮನೆಯ ದೊಡ್ಡಣ್ಣ. ಊರಿನ ಆಡಳಿತದ ಒಂದಂಶವನ್ನು ವಂಶಪಾರಂಪರ್ಯವಾಗಿ ಹೊತ್ತ ಮನೆತನದವರು ತಮ್ಮ ಅಂತಸ್ತಿಗೆ ತಕ್ಕಂತೆ ದಪ್ಪ ಗೋಡೆ, ಎತ್ತರದ ಬಾಗಿಲು, ಮರದ ಕಂಬಗಳು ಹೊತ್ತ ಪಡಸಾಲೆ, ನಡುವೆ ಬಯಲಂಗಳ, ಹಿಂದೆ ದನದ ಕೊಟ್ಟಿಗೆ ಇವುಗಳನ್ನೊಳಗೊಂಡಂತೆ ಕಟ್ಟಿಸಿಕೊಂಡ ಮನೆಗೆ ಆ ಕಡೆಯಲ್ಲಿ ಈ ಹೆಸರು. ಮರದ ತೊಲೆಗಳೂ ಮಣ್ಣಿನ ಮಾಳಿಗೆಯೂ ಧ್ವನಿಯನ್ನು ಚದುರಗೊಡದೆ, ಮಾರ್ದನಿಯನ್ನೂ ಎಬ್ಬಿಸದೆ, ಹದವಾಗಿ ಹಿಡಿದಿರಿಸುವ ಗುಣವುಳ್ಳವುಗಳಾದುದರಿಂದ, ಅಂತಹ ಪಡಸಾಲೆಯಲ್ಲಿ ಮೆಲುದನಿಯ ಷಡ್ಜವೂ ಕಡೆಯ ಸಾಲಿನವನ ಕಿವಿಗೆ ನಿಲುಕುತ್ತದೆ. ಕುಂದಗೋಳವಾದರೋ ಬ್ರಿಟಿಷರ ಕಾಲದಲ್ಲಿ ಅವರ ನೇರ ಆಳ್ವಿಕೆಗೆ ಒಳಪಡದೆ, ದೂರದ ಜಮಖಂಡಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿದ ತಾಲ್ಲೂಕಾಗಿತ್ತು. ಹತ್ತಿ, ಮೆಣಸಿನಕಾಯಿಗಳ ಬೆಳೆಯೂ ಚಾಲುಕ್ಯರ ಕಾಲದ ಶಂಭುಲಿಂಗ ದೇವಾಲಯವೂ ಅದರ ಐಶ್ವರ್ಯ. ಅಲ್ಲಿಯ ನಾಡಿಗೇರ ಮನೆತನದ ರಂಗನಗೌಡರು ಗಾನದ ಮರ್ಮವನ್ನರಿತ ರಸಿಕರಾಗಿದ್ದುದೇ ಮುಂದಿನ ಕಥೆಗೆಲ್ಲ ಮೂಲ.

ಉತ್ತರ ಭಾರತದ ಕೈರಾನಾ ಎಂಬ ಊರಿನಲ್ಲಿ 1872ರಲ್ಲಿ ಜನಿಸಿ, ಬರೋಡೆಯ ಆಸ್ಥಾನವನ್ನು ಬಿಟ್ಟು ಬಂದು, ಕಡೆಗೆ ಮೀರಜಿನಲ್ಲಿ ನೆಲೆಸಿದ ಉಸ್ತಾದ್ ಅಬ್ದುಲ್ ಕರೀಂ ಖಾನರನ್ನು ಮೈಸೂರಿನ ಅರಮನೆ ಮತ್ತೆ ಮತ್ತೆ ಬರಮಾಡಿಕೊಳ್ಳುತ್ತಿತ್ತು. ‘ಸಂಗೀತರತ್ನ’ವೆಂಬ ಬಿರುದನ್ನೂ ಕೊಟ್ಟಿತ್ತು. ಮೀರಜಿಗೂ ಮೈಸೂರಿಗೂ ನಡುವಿನ ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿ, ಕುಂದಗೋಳಗಳಿವೆ. ಅರಮನೆಯ ಆಹ್ವಾನವೊಂದೇ ಇದ್ದು ದಾರಿಯಲ್ಲಿ ಇಂತಹ ಬಾಗಿಲುಗಳು ತೆರೆದಿರದೆ ಹೋಗಿದ್ದರೆ, ಖಾನ್ ಸಾಹೇಬರು ಮೈಸೂರಿಗೆ ಹೋಗಿ ಬರುತ್ತಿದ್ದರು, ಅಷ್ಟೇ; ಅವರ ಗಾನಸಂಪ್ರದಾಯವಾದ ಕಿರಾಣಾ ಘರಾಣೆಯು ಕನ್ನಡದ ಮನೆಮಗಳಾಗುತ್ತಿರಲಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅರಮನೆಯಲ್ಲಿ ಗಾಯಕನು ಪರೀಕ್ಷೆಗೆ ನಿಂತವನು. ವಾಡೆಯಲ್ಲಿ ಅವನು ಬಿಡುವಾಗಿ ಕುಳಿತವನು. ಈ ಬಿಡುವಿನಲ್ಲಿಯೇ ಕೊಡುಕೊಳ್ಳುವ ವ್ಯವಹಾರ ನಡೆಯುವುದು. ಖಾನ್ ಸಾಹೇಬರು ದಕ್ಷಿಣದ ಸ್ವರಪ್ರಸ್ತಾರಕ್ಕೆ ಮನಸೋತು ಅದನ್ನು ತಮ್ಮ ಖಯಾಲಿನೊಳಗೆ ಸೇರಿಸಿಕೊಂಡದ್ದು, ಖರಹರಪ್ರಿಯ ರಾಗದ ತ್ಯಾಗರಾಜರ ಕೀರ್ತನೆಯೊಂದನ್ನು ಧ್ವನಿಮುದ್ರಿಕೆಗೂ ಹಾಡಿದ್ದು ಸಂಗೀತಜ್ಞರೆಲ್ಲ ಬಲ್ಲ ಸಂಗತಿ.

ನಾಡಿಗೇರರ ಬಳಿ ಕಾರಕೂನಿಕೆ ಮಾಡಿಕೊಂಡಿದ್ದ ಗಣೇಶ ಸಂಶಿ ಎಂಬುವರ ಮಗ ರಾಮಚಂದ್ರ, ಹುಟ್ಟಿದ್ದು 1886ರ ಜನವರಿ 19ರಂದು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಸೇರಿಸಿದರೆ ಹುಡುಗನ ಚಿತ್ತ ಪುಸ್ತಕಕ್ಕಿಂತ ಪದಗಳ ಕಡೆಗೇ ಹರಿಯುತ್ತಿತ್ತು. ಬಲವಂತರಾವ್ ಕೊಲ್ಹಟಕರರಲ್ಲಿ ಸ್ವಲ್ಪ ಕಾಲ ಧ್ರುಪದ, ತರಾನಾಗಳನ್ನು ಕಲಿಯುವಷ್ಟರಲ್ಲಿ ಆ ಗುರುಗಳು ತೀರಿಕೊಂಡರು. ಅನಂತರ ಖಾನ್ ಸಾಹೇಬರ ಬರವು. ಎಂಟು ವರ್ಷ ತಮ್ಮೊಡನಿದ್ದು ಕಲಿಯುವುದಾದರೆ ಮಾತ್ರ ಪಾಠ ಹೇಳುವೆನೆಂಬ ಅವರ ನಿಬಂಧನೆಗೆ ತಂದೆಯು ಒಪ್ಪಿ ಮಗನನ್ನು ಒಪ್ಪಿಸಿದನು. ಗುಮಾಸ್ತನೊಬ್ಬನ ಮಗನಿಗೆ ಅಂತಹ ಮಹಾಗಾಯಕನ ಸಾಮೀಪ್ಯ ದೊರೆತದ್ದು ಯಜಮಾನನ ಅತಿಥಿಯಾಗಿ ಆ ಗಾಯಕ ಬಂದದ್ದರಿಂದ. ಆ ಹುಡುಗನೇ ಮುಂದೆ ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀಪಾತ್ರಗಳನ್ನು ವಹಿಸಿ, ಹಾಡಿನಿಂದ ಮಹಾರಾಷ್ಟ್ರವನ್ನೇ ಬೆರಗುಗೊಳಿಸಿ, ಅದೇ ರಂಗಭೂಮಿಯ ಬಾಲಗಂಧರ್ವರ ಕೀರ್ತಿ ಉತ್ತುಂಗದಲ್ಲಿದ್ದ ಕಾಲದಲ್ಲಿಯೇ ‘ಸವಾಯಿ ಗಂಧರ್ವ’ನೆಂಬ ಬಿರುದಿಗೆ ಪಾತ್ರನಾದವನು. ಅವರ ಕಂಠ ಸ್ವಭಾವತಃ ಸುಲಭವಾದುದಲ್ಲವೆಂದೂ, ಸಾಧನೆಯ ಬಲದಿಂದ ಅದನ್ನು ಪಳಗಿಸಿಕೊಂಡರೆಂದೂ ತಿಳಿದವರು ಹೇಳುತ್ತಾರೆ. ಅವರ ಧ್ವನಿಮುದ್ರಿಕೆಗಳಲ್ಲಿ ಮೊದಲ ಕ್ಷಣದ ಬಿಗುವು ಬರಬರುತ್ತ ಸಡಿಲಿ ಸ್ವರ ತಾನಾಗಿ ಅರಳುವುದನ್ನು ಈಗಲೂ ಕೇಳಬಹುದು.

ನಾಟಕದ ಬಣ್ಣವನ್ನು ತೊಳೆದುಕೊಂಡು ಕುಂದಗೋಳಕ್ಕೆ ಮರಳಿದ ಮೇಲೆ ಅವರು ಗುರುವಾದರು. 1930ರ ದಶಕದ ಉತ್ತರಾರ್ಧದಲ್ಲಿ ಈ ಪುಟ್ಟ ಊರಿಗೆ ಬಂದಿಳಿದವರನ್ನು ನೋಡಿ. ಗದುಗಿನ ಶಿಕ್ಷಕರ ಮನೆಯ ಹುಡುಗ ಭೀಮಸೇನ, ಖಾನ್ ಸಾಹೇಬರ ಝಿಂಝೋಟಿಯ ಠುಮ್ರಿಯೊಂದನ್ನು ಗ್ರಾಮಫೋನ್ ತಟ್ಟೆಯಲ್ಲಿ ಕೇಳಿ ಹುಚ್ಚು ಹಿಡಿದವನಂತೆ ಮನೆ ಬಿಟ್ಟು ಓಡಿ, ಉತ್ತರ ದೇಶವನ್ನೆಲ್ಲ ಸುತ್ತಿ ಗುರುವನ್ನರಸಿ, ಮನೆಯ ಬಾಗಿಲ ಬಳಿಯಲ್ಲಿಯೇ ಆ ಗುರುವಿದ್ದನೆಂದು ತಿಳಿದು 1936ರಲ್ಲಿ ಇಲ್ಲಿಗೆ ಬಂದನು. ಪಾಠಕ್ಕಿಂತ ಮೊದಲು ಗುರುಗೃಹದಲ್ಲಿ ಕೊಡಗಟ್ಟಲೆ ನೀರು ಹೊತ್ತನು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ದಿನದಿನವೂ ಬರುತ್ತಿದ್ದರು. ಹಾಡುವ ಹೆಂಗಸೆಂದರೆ ಬೀದಿಯಲ್ಲಿ ಕುಹಕವಾಡುವ ಕಾಲ ಅದು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಸಮ್ಮುಖದಲ್ಲಿ ಸ್ವಾಗತಗೀತೆ ಹಾಡಿದ್ದ ಬಾಲಿಕೆಗೆ, ಉಂಡ ಎಲೆಯನ್ನು ತೆಗೆಯುವಂತೆ ಎಲ್ಲಿ ಹೇಳಿಬಿಡುವರೋ ಎಂಬ ಅಳುಕಿತ್ತೆಂದು ಅವರೇ ಮುಂದೆ ನೆನೆದುಕೊಂಡಿದ್ದಾರೆ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಧಾರವಾಡದಲ್ಲಿ ಖಾನ್ ಸಾಹೇಬರೇ ಆಕೆಯ ಹಾಡನ್ನು ಕೇಳಲು ಮನೆಗೆ ಬಂದವರು. ಮಗಳ ಕಿವಿಯಲ್ಲಿ ಎರಡು ಪದ್ಧತಿಗಳು ಕಲಸಿಹೋಗದಿರಲೆಂದು ಆ ತಾಯಿ ತನ್ನ ಹಾಡನ್ನೇ ನಿಲ್ಲಿಸಿಬಿಟ್ಟಳು. ಮುಂಬಯಿಯಿಂದ ಬಂದ ಪಾರಸಿ ತರುಣ ಫಿರೋಜ್ ದಸ್ತೂರರಂತೂ ಸಿನಿಮಾದಲ್ಲಿ ನಟಿಸಿ ಹೆಸರಾಗಿದ್ದವರು. ಮುಸಲ್ಮಾನ ಉಸ್ತಾದನಿಂದ ಕಾರಕೂನನ ಮಗನಿಗೆ, ಅವನಿಂದ ಗದುಗಿನ ಹುಡುಗನಿಗೂ ದೇವದಾಸಿ ಪರಂಪರೆಯ ಮನೆಯ ಮಗಳಿಗೂ ಪಾರಸಿಗೂ, ಜಾತಿ ಮತಗಳ ಗೋಡೆಗಳು ಹೇರಳವಾಗಿದ್ದ ಕಾಲದಲ್ಲಿಯೇ, ಒಂದೇ ವಿದ್ಯೆ ಹರಿದುಬಂದಿತು.

ಖಾನ್ ಸಾಹೇಬರು ಮಾತ್ರ ಇದನ್ನೆಲ್ಲ ಹೆಚ್ಚು ಕಾಲ ಕಾಣಲಿಲ್ಲ. 1937ರ ಅಕ್ಟೋಬರ್ 27ರಂದು, ಮದರಾಸಿನಿಂದ ಪಾಂಡಿಚೇರಿಗೆ ಹೊರಟವರು ದಾರಿಯಲ್ಲಿ ಆಯಾಸವಾಗಿ ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ನಿಲ್ದಾಣದಲ್ಲಿ ಇಳಿದು, ಅಲ್ಲಿಯ ಪ್ಲಾಟ್‌ಫಾರಂ ಮೇಲೆಯೇ ಪ್ರಾಣ ಬಿಟ್ಟರು.

ಸವಾಯಿ ಗಂಧರ್ವರಿಗೆ 1942ರಲ್ಲಿ ಪಾರ್ಶ್ವವಾಯು ತಗಲಿ ಹಾಡು ನಿಂತಿತು. 1952ರ ಸೆಪ್ಟೆಂಬರ್ 12ರಂದು ಅವರು ಕಾಲವಾದರು. ಪುಣೆಯಲ್ಲಿ ಅವರ ಅಳಿಯಂದಿರಾದ ಡಾಕ್ಟರ್ ನಾನಾಸಾಹೇಬ ದೇಶಪಾಂಡೆಯವರೂ ಭೀಮಸೇನ ಜೋಶಿಯವರೂ ಸೇರಿ ನಡೆಸಿದ ಸ್ಮರಣೋತ್ಸವವು ಸಹಸ್ರಾರು ಜನ ನೆರೆಯುವ ಮಹಾಮೇಳವಾಗಿ ಬೆಳೆಯಿತು. ಕುಂದಗೋಳದಲ್ಲಿ ಇನ್ನೊಬ್ಬ ನಾನಾಸಾಹೇಬರು, ರಂಗನಗೌಡರ ಮನೆತನದ ನಾನಾಸಾಹೇಬ ನಾಡಿಗೇರರು, ತಮ್ಮ ವಾಡೆಯಲ್ಲಿಯೇ ಪುಣ್ಯತಿಥಿಯ ಸಂಗೀತವನ್ನು ಏರ್ಪಡಿಸಿದರು. ಎರಡರ ಸ್ವರೂಪವೂ ಬೇರೆ. ಪುಣೆಯದು ಟಿಕೆಟ್ಟಿನ ಉತ್ಸವ. ಇಲ್ಲಿಯದು ಮನೆಯ ಕಾರ್ಯ. ಜಮಖಾನೆಯ ಮೇಲೆ ರೈತರೂ ಶಾಲೆಯ ಮೇಷ್ಟರೂ ಹುಬ್ಬಳ್ಳಿ ಧಾರವಾಡಗಳಿಂದ ಬಂದ ರಸಿಕರೂ ಒತ್ತಾಗಿ ಕುಳಿತು ಇರುಳೆಲ್ಲ ಕೇಳುವರು. ಅಹೋರಾತ್ರಿ ನಡೆಯುವುದರಿಂದ, ಸಭಾಂಗಣಗಳಲ್ಲಿ ಸಂಜೆಯ ರಾಗಗಳಿಗಷ್ಟೇ ಒಗ್ಗಿಹೋದ ನಮ್ಮ ಕಿವಿಗಳಿಗೆ ಮಾಲಕಂಸ, ದರಬಾರಿಗಳೂ ನಸುಕಿನ ಲಲಿತವೂ ಬೆಳಗಿನ ತೋಡಿಯೂ ತಮತಮಗೆ ಸಲ್ಲುವ ವೇಳೆಯಲ್ಲಿ ದೊರೆಯುತ್ತವೆ. 2002ರಲ್ಲಿ ಪದ್ಮವಿಭೂಷಣರಾದ ಗಂಗೂಬಾಯಿಯವರೂ 2008ರಲ್ಲಿ ಭಾರತರತ್ನರಾದ ಭೀಮಸೇನರೂ ಇಲ್ಲಿ ಬಂದು ಹಾಡಿದ್ದು ಸಂಭಾವನೆಯ ಆಸೆಗಲ್ಲ, ಗುರುವಿನ ಊರಿನ ಋಣಕ್ಕೆ. ಅಂತಹವರ ಎದುರಿನಲ್ಲಿ ಹಾಡಿ ಸೈ ಎನ್ನಿಸಿಕೊಳ್ಳುವುದು ಕಿರಿಯ ಗಾಯಕರಿಗೆ ಒಂದು ಅಗ್ನಿಪರೀಕ್ಷೆಯೇ ಆಗಿತ್ತು.

ಹುಬ್ಬಳ್ಳಿಯಲ್ಲಿ ಸವಾಯಿ ಗಂಧರ್ವರ ಹೆಸರಿನ ಸಭಾಭವನವಿದೆ, ಕುಂದಗೋಳದಲ್ಲಿಯೂ ಸ್ಮಾರಕ ಭವನವುಂಟು. ಇವುಗಳ ಬಗೆಗೆ ಲಘುವಾಗಿ ಮಾತನಾಡುವುದು ನನ್ನ ಉದ್ದೇಶವಲ್ಲ. ಆದರೂ ಸರಕಾರದ ಭವನಕ್ಕೆ ಕಾವಲುಗಾರನಿರುತ್ತಾನೆಯೇ ಹೊರತು ಮನೆಯವನಿರುವುದಿಲ್ಲ. ವಾಡೆಯಲ್ಲಿ ಮನೆತನದ ಮುಂದಿನ ತಲೆಮಾರಿನವರು ತಮ್ಮ ಹಿರಿಯರ ಪರಿಪಾಠವನ್ನು ಬಿಡದೆ ನಡೆಸಿಕೊಂಡು ಬಂದಿದ್ದಾರೆ. ಹಳೆಯ ಮರಮುಟ್ಟುಗಳ ಕಟ್ಟಡವನ್ನು ಪ್ರತಿ ಮಳೆಗಾಲದ ತರುವಾಯ ದುರಸ್ತಿ ಮಾಡಿಸುವುದೆಂದರೆ ಎಷ್ಟು ಖರ್ಚಿನ, ಎಷ್ಟು ತಲೆನೋವಿನ ಕೆಲಸವೆಂಬುದನ್ನು ಹಳ್ಳಿಯಲ್ಲಿ ತೊಟ್ಟಿಮನೆಯನ್ನು ಉಳಿಸಿಕೊಂಡಿರುವ ಯಾರನ್ನು ಕೇಳಿದರೂ ತಿಳಿದೀತು.

ನಮ್ಮ ಕಡೆಯಿಂದ ಹೋಗಬಯಸುವವರು ಸೆಪ್ಟೆಂಬರ್ ತಿಂಗಳ ಆಸುಪಾಸಿನಲ್ಲಿ ಧಾರವಾಡದ ಕಡೆಯ ಪತ್ರಿಕೆಗಳನ್ನು ನೋಡುತ್ತಿದ್ದು, ಪುಣ್ಯತಿಥಿಯ ಕಾರ್ಯಕ್ರಮದ ದಿನವನ್ನು ಮುಂಚಿತವಾಗಿ ತಿಳಿದುಕೊಳ್ಳುವುದು ಲೇಸು. ವೇಗದ ಗಾಡಿಗಳೆಲ್ಲವೂ ಕುಂದಗೋಳದಲ್ಲಿ ನಿಲ್ಲುವುದಿಲ್ಲವಾದ ಕಾರಣ ತುಮಕೂರಿನಲ್ಲಿ ಹತ್ತಿ ಹುಬ್ಬಳ್ಳಿಯಲ್ಲಿ ಇಳಿದು, ಅಲ್ಲಿಂದ ಸುಮಾರು 20 ಕಿಲೋಮೀಟರು ಹಿಂದಕ್ಕೆ ಬಸ್ಸಿನಲ್ಲಿ ಬರುವುದೇ ಅನುಕೂಲ. ಹಗಲಿನಲ್ಲಿ ಶಂಭುಲಿಂಗನ ಗುಡಿಯನ್ನು ನೋಡಿಕೊಂಡು, ರೊಟ್ಟಿ ಊಟ ಮುಗಿಸಿ, ಮಧ್ಯಾಹ್ನ ಸ್ವಲ್ಪ ನಿದ್ದೆಯನ್ನೂ ಮಾಡಿಕೊಂಡರೆ ಇರುಳು ಎಚ್ಚರವಿರುವುದು ಕಷ್ಟವಾಗದು.